ಕೆರೆಗೆ, ಹಿನ್ನೀರಿಗೆ ಜಿಪಿಎಸ್: ಯಾವುದು ತಗೊಳ್ಳಲಿ?

ಹುಟ್ಟುಗೋಲು (ತುಮಕೂರು)

ಎಲ್ಲರಿಗೂ ನಮಸ್ಕಾರ. ನಾವು ಮೂವರು ಗೆಳೆಯರು. ಗಾಳಿ ತುಂಬುವ ಒಂದು ಕಯಾಕ್ ಇದೆ, ಹನ್ನೆರಡು ಅಡಿಯ ಒಂದು ಫೈಬರ್ ದೋಣಿ ಇದೆ. ದೋಣಿಗೆ ಸಣ್ಣ ಎಲೆಕ್ಟ್ರಿಕ್ ಮೋಟರ್ ಹಾಕಿದ್ದೇವೆ. ಭಾನುವಾರ ಬಂದರೆ ತುಮಕೂರು, ಗುಬ್ಬಿ, ಕುಣಿಗಲ್ ಸುತ್ತ ಅನುಮತಿ ಸಿಗುವ ಕೆರೆಗೆ ಹೋಗುತ್ತೇವೆ. ವರ್ಷಕ್ಕೆ ಎರಡು ಸಲ ಶರಾವತಿ ಹಿನ್ನೀರಿಗೆ.

ಹೋದ ಕಾರ್ತಿಕದಲ್ಲಿ ಹಿನ್ನೀರಿನಲ್ಲಿ ಪೇಚಿಗೆ ಸಿಕ್ಕಿಕೊಂಡೆವು. ಬೆಳಿಗ್ಗೆ ಆರೂವರೆಗೆ ಎದುರಿನ ನಡುಗಡ್ಡೆಗೆ ಹೋಗಿ ಬರೋಣ ಎಂದು ಹೊರಟೆವು. ಅರ್ಧ ದಾರಿಯಲ್ಲಿ ಮಂಜು ಇಳಿಯಿತು. ಎಷ್ಟು ಅಂದರೆ ನನ್ನ ಹುಟ್ಟಿನ ತುದಿಯೇ ನನಗೆ ಕಾಣುತ್ತಿರಲಿಲ್ಲ. ಫೋನು ಪ್ಲಾಸ್ಟಿಕ್ ಚೀಲದಲ್ಲಿ ಕುತ್ತಿಗೆಗೆ ನೇತುಹಾಕಿದ್ದೆ. ಚೀಲದ ಒಳಗೆ ಬೆವರಿಟ್ಟಿತ್ತು, ನನ್ನ ಬೆರಳು ಒದ್ದೆ. ಮ್ಯಾಪ್ ಸರಿಸಲು ಹೋದರೆ ಅದು ಇಡೀ ಕರ್ನಾಟಕ ತೋರಿಸಿತು. ಇನ್ನೊಂದು ಸಲ ಒತ್ತಿದರೆ ಭಾವನಿಗೆ ಫೋನ್ ಹೋಯಿತು. ಸಿಗ್ನಲ್ ಇಲ್ಲದ್ದಕ್ಕೆ ಬಚಾವ್. ಕೊನೆಗೆ ಯಾವುದೋ ಮನೆಯ ಕೋಳಿ ಕೂಗಿದ ಕಡೆ ಹುಟ್ಟು ಹಾಕಿದೆವು. ದಡ ಸಿಕ್ಕಿತು, ಆದರೆ ನಮ್ಮ ದಡ ಅಲ್ಲ.

ಅದಕ್ಕೇ ಈಗ ಒಂದು ಜಿಪಿಎಸ್ ತೆಗೆದುಕೊಳ್ಳಬೇಕು ಅಂತ ತೀರ್ಮಾನ. ನೋಡಿಟ್ಟಿರುವುದು ಇಷ್ಟು: ಗಾರ್ಮಿನ್ ಇಟ್ರೆಕ್ಸ್ 22ಎಕ್ಸ್, ಜಿಪಿಎಸ್‌ಮ್ಯಾಪ್ 79ಎಸ್, ಸ್ಟ್ರೈಕರ್ 4. ಗೆಳೆಯನೊಬ್ಬ ಏಳು ಇಂಚಿನ ಚಾರ್ಟ್‌ಪ್ಲಾಟರನ್ನೇ (ದೋಣಿಯಲ್ಲಿ ಕೂರಿಸುವ ದೊಡ್ಡ ಪರದೆಯ ನಕ್ಷೆ ಯಂತ್ರ) ಹಾಕಿಸೋಣ ಅಂತಿದ್ದಾನೆ. ಬಜೆಟ್ ಕೇಳಬೇಡಿ. ಮನೆಯಲ್ಲಿ ಹೇಳಿರುವುದು ಒಂದು, ಮನಸ್ಸಲ್ಲಿರುವುದು ಇನ್ನೊಂದು.

ನಂದಿ ತಪ್ಪಲು (ಚಿಕ್ಕಬಳ್ಳಾಪುರ)

ದುಡ್ಡು ಸುಮ್ನೆ ಹಾಳು ಮಾಡಬೇಡಿ ಸರ್. ಫೋನಿನಲ್ಲಿರುವ ಜಿಪಿಎಸ್ ಚಿಪ್ಪಿಗೆ ನೆಟ್‌ವರ್ಕ್ ಬೇಕಾಗಿಲ್ಲ. ಸಿಮ್ ತೆಗೆದರೂ ಅದು ಕೆಲಸ ಮಾಡುತ್ತದೆ. ಟವರ್ ಇದ್ದರೆ ಉಪಗ್ರಹಗಳ ಲೆಕ್ಕ ಬೇಗ ಸಿಗುತ್ತದೆ, ಅಷ್ಟೇ. ಇಲ್ಲದಿದ್ದರೆ ಆಕಾಶದಿಂದಲೇ ಇಳಿಸಿಕೊಳ್ಳಬೇಕು, ಸ್ವಲ್ಪ ತಡ. ಆಸ್‌ಮ್ಯಾಂಡ್ ಅಥವಾ ಆರ್ಗಾನಿಕ್ ಮ್ಯಾಪ್ಸ್ ಆಪ್ ಹಾಕಿಕೊಳ್ಳಿ, ಮನೆಯಲ್ಲೇ ಮ್ಯಾಪ್ ಇಳಿಸಿಕೊಳ್ಳಿ, ಏರೋಪ್ಲೇನ್ ಮೋಡ್‌ಗೆ ಹಾಕಿ, ಜೊತೆಗೆ ಒಂದು ಪವರ್ ಬ್ಯಾಂಕ್ ಇಟ್ಟುಕೊಳ್ಳಿ. ನಾನು ನಾಲ್ಕು ವರ್ಷದಿಂದ ಇದರಲ್ಲೇ ಓಡಾಡುತ್ತಿದ್ದೇನೆ. ಒಂದು ಸಲವೂ ಕೋಳಿಯನ್ನು ಕೇಳಬೇಕಾಗಿ ಬಂದಿಲ್ಲ.

ಹುಟ್ಟುಗೋಲು

ಓಡಾಡುತ್ತಿದ್ದೇನೆ ಅಂದರೆ ಎಲ್ಲಿ ಸರ್, ಬೆಟ್ಟದಲ್ಲೋ ನೀರಿನಲ್ಲೋ?

ನಂದಿ ತಪ್ಪಲು

ಬೆಟ್ಟದಲ್ಲಿ :) ಸೈಕಲ್.

ಮಲ್ಪೆಯಿಂದ ಕೋಲಾರಕ್ಕೆ

ಹಾಗಾದರೆ ನಾನು ನೀರಿನ ಕಡೆಯಿಂದ ಹೇಳುತ್ತೇನೆ ಮಾರಾಯ್ರೆ. ಹುಟ್ಟಿ ಬೆಳೆದದ್ದು ಕಡಲ ಬದಿಯಲ್ಲಿ, ಈಗ ಹೊಟ್ಟೆಪಾಡಿಗೆ ಕೋಲಾರದಲ್ಲಿದ್ದೇನೆ. ಮನೆಯಲ್ಲಿ ಈಗಲೂ ದೋಣಿ ಉಂಟು.

ಫೋನಿನ ಜಿಪಿಎಸ್ ಕೆಟ್ಟದ್ದು ಅಂತ ಯಾರೂ ಹೇಳುವುದಿಲ್ಲ. ಕೆರೆಯ ಮಧ್ಯೆ ಆಕಾಶ ಪೂರ್ತಿ ತೆರೆದಿರುತ್ತದೆ, ಅಲ್ಲಿ ಯಾವ ಚಿಪ್ಪಾದರೂ ಮೂರರಿಂದ ಐದು ಮೀಟರ್ ಒಳಗೆ ತೋರಿಸುತ್ತದೆ. ತೊಂದರೆ ಇರುವುದು ಚಿಪ್ಪಿನಲ್ಲಲ್ಲ, ಗಾಜಿನಲ್ಲಿ. ಒದ್ದೆ ಬೆರಳಿಗೆ ಟಚ್ ಮಾತು ಕೇಳುವುದಿಲ್ಲ. ನೀರಿನ ಹನಿ ಬಿದ್ದರೆ ಅದನ್ನೇ ಬೆರಳು ಅಂದುಕೊಳ್ಳುತ್ತದೆ. ಮಧ್ಯಾಹ್ನದ ಬಿಸಿಲಿಗೆ ಫೋನು ಕಾದು ತಾನೇ ಬೆಳಕು ಇಳಿಸಿಕೊಳ್ಳುತ್ತದೆ, ಆಮೇಲೆ ಆರುತ್ತದೆ. ಕೈಯಲ್ಲಿ ಹಿಡಿಯುವ ಜಿಪಿಎಸ್‌ಗಳ ಪರದೆ ಬೇರೆ ಜಾತಿಯದು. ಬಿಸಿಲು ಬಿದ್ದಷ್ಟೂ ಚೆನ್ನಾಗಿ ಕಾಣುತ್ತದೆ. ಮನೆಯೊಳಗೆ ನೋಡಿದರೆ ಮಂಕಾಗಿರುತ್ತದೆ, ಅದಕ್ಕೇ ಅಂಗಡಿಯಲ್ಲಿ ನೋಡಿದವರು "ಇದೇನು ಇಷ್ಟು ಡಲ್" ಅಂತ ಬಿಟ್ಟು ಬರುತ್ತಾರೆ. ಹೊರಗೆ ರಸ್ತೆಗೆ ತಂದು ನೋಡಿ.

ಎರಡನೇದು, ಗುಂಡಿ. ನೀರಿನ ಮೇಲೆ ಗುಂಡಿ ಇರುವ ಸೆಟ್ಟೇ ಬೇಕು. ಒಂದು ಕೈ ಹುಟ್ಟಿನ ಮೇಲೆ, ಇನ್ನೊಂದರ ಹೆಬ್ಬೆರಳಲ್ಲಿ ಎಲ್ಲ ನಡೆಯಬೇಕು.

ಮೂರನೇದೇ ಮುಖ್ಯ. ತೇಲಬೇಕು. ಐಪಿಎಕ್ಸ್7 ಅಂತ ಬರೆದಿರುತ್ತಾರಲ್ಲ, ಅದಕ್ಕೆ ಅರ್ಥ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇದ್ದರೂ ಒಳಗೆ ನೀರು ಹೋಗುವುದಿಲ್ಲ ಅಂತ. ತೇಲುತ್ತದೆ ಅಂತ ಅಲ್ಲ. ಇಟ್ರೆಕ್ಸ್ 22ಎಕ್ಸ್ ಐಪಿಎಕ್ಸ್7, ಕೈಜಾರಿದರೆ ಕಲ್ಲಿನ ಹಾಗೆ ಇಳಿಯುತ್ತದೆ. ಜಿಪಿಎಸ್‌ಮ್ಯಾಪ್ 78, 79, 86 ಈ ಸಾಲು ದೋಣಿಯವರಿಗೇ ಮಾಡಿದ್ದು, ತೇಲುತ್ತವೆ. ಗುಂಡಿಗಳು ಪರದೆಯ ಮೇಲ್ಗಡೆ ಇರುತ್ತವೆ, ಒತ್ತುವಾಗ ಕೈ ಅಡ್ಡ ಬರುವುದಿಲ್ಲ. 64, 65, 67 ಬೆಟ್ಟ ಹತ್ತುವವರಿಗೆ ಮಾಡಿದ್ದು, ಅವು ಮುಳುಗುತ್ತವೆ. ಹೆಸರು ನೋಡಿದರೆ ಎಲ್ಲ ಒಂದೇ ಥರ, ಅಲ್ವಾ? ಅಲ್ಲೇ ಜನ ಮೋಸ ಹೋಗುವುದು.

ಏಳು ಇಂಚಿನ ಪ್ಲಾಟರ್ ಬಗ್ಗೆ: ಸಮುದ್ರದಲ್ಲಿ ಅದು ಬೇಕು. ಯಾಕೆಂದರೆ ಅಲ್ಲಿ ಚಾರ್ಟ್ ಉಂಟು. ಡೆಹ್ರಾಡೂನಿನ ರಾಷ್ಟ್ರೀಯ ಹೈಡ್ರೋಗ್ರಾಫಿಕ್ ಕಚೇರಿ ನಮ್ಮ ಕರಾವಳಿಯ ಆಳ, ಬಂಡೆ, ಬೋಯ್, ದೀಪ ಎಲ್ಲ ಅಳೆದು ಇಟ್ಟಿದೆ. ಆ ಚಾರ್ಟು ತೋರಿಸಲಿಕ್ಕೇ ಪ್ಲಾಟರ್. ನಿಮ್ಮ ಕೆರೆಗೆ ಯಾವ ಚಾರ್ಟ್ ಉಂಟು? ಏಳು ಇಂಚಿನ ಮೇಲೆ ಒಂದು ನೀಲಿ ಬಣ್ಣ, ಅದರ ಮಧ್ಯೆ ನಿಮ್ಮ ದೋಣಿ. ಅದನ್ನು ನೋಡಲು ಅಷ್ಟು ದುಡ್ಡು ಕೊಡುತ್ತೀರಾ?

ಪಾಲಾರ್ ದಂಡೆ (ಬೇತಮಂಗಲ ಕಡೆ)

ಮಲ್ಪೆ ಸರ್ ಕೊನೆಗೆ ಹೇಳಿದ ಮಾತೇ ನಮ್ಮ ಕಡೆಯ ಅಸಲಿ ವಿಷಯ. ನಮ್ಮ ಕೆರೆಗಳಲ್ಲಿ ದಾರಿ ತಪ್ಪಿ ಯಾರೂ ಕೆಡುವುದಿಲ್ಲ. ನಿಂತು ನೋಡಿದರೆ ಏರಿ ಕಾಣುತ್ತದೆ. ಕೆಡುವುದು ನೀರಿನ ಕೆಳಗೆ ಇರುವುದರಿಂದ.

ಕೋಲಾರದವರಿಗೆ ಇದು ಗೊತ್ತು, ಬೇರೆಯವರಿಗೆ ಹೇಳುತ್ತೇನೆ. ನಮ್ಮ ಎಷ್ಟೋ ಕೆರೆಗಳು ಹತ್ತು ಹದಿನೈದು ವರ್ಷ ಒಣಗಿ ನಿಂತಿದ್ದವು. ಆ ಹೊತ್ತಿಗೆ ಅಂಗಳದ ತುಂಬ ಬಳ್ಳಾರಿ ಜಾಲಿ ಬೆಳೆದು ಕಾಡಾಯಿತು. ಇಟ್ಟಿಗೆ ಗೂಡಿನವರು ಮಣ್ಣು ತೆಗೆದು ಆಳಾಳ ಗುಂಡಿ ಮಾಡಿದರು. ಕೆಲವರು ಬೋರ್ ಕೊರೆಸಿದರು, ಕೇಸಿಂಗ್ ಪೈಪು ಹಾಗೇ ನಿಂತಿತು. 2018ರಿಂದ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು) ಬಂತು. ಲಕ್ಷ್ಮೀಸಾಗರ ಕೆರೆ ಮೊದಲು ತುಂಬಿತು, ಅಲ್ಲಿಂದ ಒಂದೊಂದೇ ಕೆರೆ. ಆಮೇಲೆ ಒಳ್ಳೇ ಮಳೆಯೂ ಆಯಿತು. ಜಾಲಿ ಕಡಿದ ಕಡೆ ಕಡಿದರು, ಇಲ್ಲದ ಕಡೆ ನೀರು ಅದರ ಮೇಲೇ ನಿಂತಿತು. ಮರ ಸತ್ತಿತು, ಬೊಡ್ಡೆ ಸಾಯಲಿಲ್ಲ. ನೀರು ತುಂಬಿದಾಗ ಬೊಡ್ಡೆ ಆಳದಲ್ಲಿರುತ್ತದೆ, ತೊಂದರೆ ಇಲ್ಲ. ಬೇಸಿಗೆಯಲ್ಲಿ ನೀರು ನಾಲ್ಕು ಅಡಿ ಇಳಿಯಿತು ಅನ್ನಿ, ಅದೇ ಬೊಡ್ಡೆ ನೀರಿನ ಮಟ್ಟಕ್ಕಿಂತ ಅಂಗೈಯಷ್ಟು ಕೆಳಗೆ ಕಾಯುತ್ತಾ ಕೂತಿರುತ್ತದೆ. ನಮ್ಮ ಗಾಳಿ ದೋಣಿಗೆ ಹಾಗೇ ಆಯಿತು. "ಸೊಯ್" ಅಂತ ಶಬ್ದ, ನನ್ನ ತಂಗಿ "ಅಕ್ಕಾ, ಹಾವು" ಅಂದಳು. ಹಾವಲ್ಲ, ನಮ್ಮ ದೋಣಿಯ ಉಸಿರು.

ಅವತ್ತು ನನ್ನ ಕೈಯಲ್ಲಿ ಒಳ್ಳೇ ಜಿಪಿಎಸ್ಸೇ ಇತ್ತು. ನಾನು ಎಲ್ಲಿದ್ದೇನೆ ಅಂತ ಮೂರು ಮೀಟರ್ ಲೆಕ್ಕದಲ್ಲಿ ಹೇಳುತ್ತಿತ್ತು. ಬೊಡ್ಡೆ ಎಲ್ಲಿದೆ ಅಂತ ಅದಕ್ಕೇನು ಗೊತ್ತು?

ಆಮೇಲೆ ನಾನು ಕಂಡುಕೊಂಡ ದಾರಿ ಹೀಗೆ. ಕಂಪ್ಯೂಟರಿನಲ್ಲಿ ಗೂಗಲ್ ಅರ್ಥ್ ತೆಗೆದರೆ ಹಳೇ ವರ್ಷಗಳ ಚಿತ್ರ ನೋಡಬಹುದು. ಗಡಿಯಾರದ ಗುರುತು ಇರುತ್ತದೆ, ಒತ್ತಿ ಹಿಂದಕ್ಕೆ ಎಳೆಯಿರಿ. ಕೆರೆ ಒಣಗಿದ್ದ ವರ್ಷದ ಬೇಸಿಗೆಯ ಚಿತ್ರಕ್ಕೆ ನಿಲ್ಲಿಸಿ. ಅಂಗಳ ಅಂಗೈಯಂತೆ ಕಾಣುತ್ತದೆ. ಜಾಲಿ ಮೆಳೆ ಕಪ್ಪು ಚುಕ್ಕೆ, ಮಣ್ಣಿನ ಗುಂಡಿಗೆ ಚೌಕದ ಅಂಚು, ಟ್ರ್ಯಾಕ್ಟರ್ ದಾರಿ ಬಿಳಿ ಗೆರೆ. ಆ ಟ್ರ್ಯಾಕ್ಟರ್ ದಾರಿಯೇ ಈಗ ನನ್ನ ದೋಣಿ ದಾರಿ! ಅಲ್ಲಿ ಮರ ಬೆಳೆದಿರುವುದಿಲ್ಲವಲ್ಲ. ಅಪಾಯದ ಜಾಗಕ್ಕೆಲ್ಲ ಗುರುತು ಹಾಕಿ ಉಳಿಸಿದರೆ ಕೆಎಂಎಲ್ ಫೈಲ್ ಆಗುತ್ತದೆ. ಜಿಪಿಎಸ್‌ಬಾಬೆಲ್ ಅಂತ ಉಚಿತ ಸಾಫ್ಟ್‌ವೇರ್ ಇದೆ, ಅದು ಜಿಪಿಎಸ್ ಸೆಟ್ಟು ಓದುವ ಜಿಪಿಎಕ್ಸ್ ಫೈಲ್ ಮಾಡಿ ಕೊಡುತ್ತದೆ. ಅದನ್ನು ಸೆಟ್ಟಿಗೆ ಹಾಕಿಕೊಳ್ಳಿ.

ಹಾಗಾಗಿ ನನ್ನ ಪ್ರಶ್ನೆ ಒಂದೇ: ನೀವು ತಗೊಳ್ಳುವ ಸೆಟ್ಟಿಗೆ ಹೊರಗಿನಿಂದ ಗುರುತು ಹಾಕಲು ಬರುತ್ತದಾ, ಹತ್ತಿರ ಹೋದಾಗ ಅದು ಕೂಗುತ್ತದಾ? ಪ್ರಾಕ್ಸಿಮಿಟಿ ಅಲಾರಂ ಅಂತಾರೆ. ಅದು ಇದ್ದರೆ ಸಾಕು. ಮ್ಯಾಪು ಚೆನ್ನಾಗಿದೆಯಾ ಅಂತ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ, ಮ್ಯಾಪ್ ಬರೆಯುವವರು ನೀವೇ.

ಹುಟ್ಟುಗೋಲು

ಮೇಡಂ, ಇದನ್ನು ಓದಿ ಈಗಷ್ಟೇ ನಮ್ಮ ಕೆರೆಯ ಹಳೇ ಚಿತ್ರ ತೆಗೆದು ನೋಡಿದೆ. ನಾವು ಪ್ರತಿ ವಾರ ಊಟಕ್ಕೆ ದೋಣಿ ನಿಲ್ಲಿಸುವ ಜಾಗದ ಕೆಳಗೆ ಒಂದು ತೆರೆದ ಬಾವಿ ಇದೆ!! ಕಟ್ಟೆ ಸಮೇತ.

ಸರ್ವೆ ಚೈನು (ಶಿರಾ, ನಿವೃತ್ತ)

ಪಾಲಾರ್ ದಂಡೆಯವರು ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಗುರುತು ಹಾಕುವಾಗ ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ನಾನೂ ಮಾಡಿದ್ದೇನೆ, ಅದೂ ಮೂವತ್ತು ವರ್ಷ ಚೈನು ಎಳೆದ ಮೇಲೆ.

ಅಕ್ಷಾಂಶ ರೇಖಾಂಶ ಬರೆಯುವುದು ಮೂರು ಥರ. ಬರೀ ಡಿಗ್ರಿಯಲ್ಲಿ ದಶಾಂಶ, ಡಿಗ್ರಿ ಮತ್ತು ನಿಮಿಷದಲ್ಲಿ ದಶಾಂಶ, ಡಿಗ್ರಿ ನಿಮಿಷ ಸೆಕೆಂಡು. ದೋಣಿಯವರ ಸೆಟ್ಟುಗಳು ಸಾಮಾನ್ಯವಾಗಿ ಎರಡನೇದನ್ನು ತೋರಿಸುತ್ತವೆ. ಫೋನು ಮೊದಲನೇದು. ನನ್ನ ಮೊಮ್ಮಗ ದೋಣಿಯ ಸೆಟ್ಟು ನೋಡಿ ಒಂದು ಜಾಗ ಓದಿ ಹೇಳಿದ. ಅದು 13 ಡಿಗ್ರಿ, 20.40 ನಿಮಿಷ. ನಾನು ಹಳೇ ಅಭ್ಯಾಸದಲ್ಲಿ 13 ಡಿಗ್ರಿ, 20 ನಿಮಿಷ, 40 ಸೆಕೆಂಡು ಅಂತ ಹೊಡೆದೆ. ಲೆಕ್ಕ ಹಾಕಿ. 0.40 ನಿಮಿಷ ಅಂದರೆ 24 ಸೆಕೆಂಡು. ನಾನು ಹಾಕಿದ್ದು 40. ಹದಿನಾರು ಸೆಕೆಂಡು ವ್ಯತ್ಯಾಸ. ಅಕ್ಷಾಂಶದಲ್ಲಿ ಒಂದು ಸೆಕೆಂಡು ಸುಮಾರು 31 ಮೀಟರ್. ಅಂದರೆ ಅರ್ಧ ಕಿಲೋಮೀಟರಿಗೆ ಹತ್ತಿರ ಹತ್ತಿರ. ಕೆರೆ ಮಧ್ಯದ ಬಂಡೆಯನ್ನು ನಾನು ಊರೊಳಗಿನ ಅಶ್ವತ್ಥಕಟ್ಟೆಗೆ ಕಳಿಸಿದ್ದೆ.

ಒಂದು ನಿಮಿಷ ಅಕ್ಷಾಂಶಕ್ಕೆ ಒಂದು ನಾಟಿಕಲ್ ಮೈಲಿ, 1852 ಮೀಟರ್. ದೋಣಿಯವರು ಎರಡನೇ ಪದ್ಧತಿ ಇಟ್ಟುಕೊಂಡಿರುವುದು ಇದಕ್ಕೇ. ಗಂಟೆಗೆ ಒಂದು ನಾಟಿಕಲ್ ಮೈಲಿ ಹೋದರೆ ಒಂದು ನಾಟ್.

ಇನ್ನೊಂದು. ಯಾರ ಹತ್ತಿರವಾದರೂ ಸರ್ವೆ ಆಫ್ ಇಂಡಿಯಾದ ಹಳೇ ಟೋಪೋ ಶೀಟ್ ಇದ್ದರೆ ಅದರಿಂದ ನೇರವಾಗಿ ಅಂಕಿ ತೆಗೆದು ಸೆಟ್ಟಿಗೆ ಹಾಕಬೇಡಿ. ಆ ಶೀಟುಗಳು ಎವರೆಸ್ಟ್ ಲೆಕ್ಕದವು, ಜಿಪಿಎಸ್ ಇರುವುದು ಡಬ್ಲ್ಯುಜಿಎಸ್ 84 ಲೆಕ್ಕದಲ್ಲಿ. ಭೂಮಿ ಒಂದೇ, ಅಳತೆಗೆ ಊಹಿಸಿಕೊಂಡ ಮೊಟ್ಟೆಯಾಕಾರ ಬೇರೆ. ಗುರುತು ಪಕ್ಕದ ಹೊಲಕ್ಕೆ ಹೋಗಿ ಕೂರುತ್ತದೆ. ಸೆಟ್ಟಿನಲ್ಲಿ ಮ್ಯಾಪ್ ಡೇಟಮ್ ಅಂತ ಒಂದು ಮೆನು ಇರುತ್ತದೆ, ಡಬ್ಲ್ಯುಜಿಎಸ್ 84 ಇದೆಯಾ ಅಂತ ಒಮ್ಮೆ ನೋಡಿ, ಆಮೇಲೆ ಅದನ್ನು ಮುಟ್ಟಬೇಡಿ.

ಸೋಲ್ಡರ್ ಕಡ್ಡಿ (ತುಮಕೂರು)

ಕರೆಂಟಿನ ವಿಷಯ ಯಾರೂ ಎತ್ತಿಲ್ಲ, ನಾನು ಎತ್ತುತ್ತೇನೆ. ನನ್ನ ಬೆಂಚಿಗೆ ಬರುವ ಜಿಪಿಎಸ್‌ಗಳಲ್ಲಿ ಮುಕ್ಕಾಲು ಪಾಲು ಕೆಟ್ಟಿರುವುದು ಎರಡೇ ಕಾರಣಕ್ಕೆ. ಒಂದು, ಸೆಲ್ ಒಳಗೇ ಬಿಟ್ಟು ಆರು ತಿಂಗಳು ಕಪಾಟಿನಲ್ಲಿಟ್ಟಿದ್ದು. ಸೆಲ್ ಸೋರಿ ಸ್ಪ್ರಿಂಗ್ ತಿಂದಿರುತ್ತದೆ. ಎರಡು, ಯುಎಸ್‌ಬಿ ಮೇಲಿನ ರಬ್ಬರ್ ಮುಚ್ಚಳ ಸರಿಯಾಗಿ ಕೂತಿಲ್ಲ. ಆ ಐಪಿಎಕ್ಸ್7 ಎಲ್ಲ ಆ ಪುಟಾಣಿ ರಬ್ಬರಿನ ಮೇಲೆ ನಿಂತಿದೆ. ಒಂದು ಕೂದಲು ಸಿಕ್ಕಿಕೊಂಡಿದ್ದರೂ ಸಾಕು, ನೀರು ಒಳಗೆ. ಹಾಕುವ ಮುಂಚೆ ಬೆರಳಿಂದ ಒರೆಸಿ.

ಹೆಬ್ಬೆರಳು ಗಾತ್ರದ ಡಬಲ್ ಎ ಸೆಲ್ ಹಾಕುವ ಸೆಟ್ಟೇ ತಗೊಳ್ಳಿ ಅಂತ ನನ್ನ ಮಾತು. 22ಎಕ್ಸ್, 79ಎಸ್ ಎರಡೂ ಎರಡು ಸೆಲ್ಲಿನವು. ಸಿಗಂದೂರಿನ ಕಡೆ ಯಾವ ಪೆಟ್ಟಿಗೆ ಅಂಗಡಿಗೆ ಹೋದರೂ ಸೆಲ್ ಸಿಗುತ್ತದೆ. ಒಳಗೇ ಬ್ಯಾಟರಿ ಕೂರಿಸಿದ ಸೆಟ್ಟು ನೀರಿನ ಮಧ್ಯೆ ಸತ್ತರೆ ಪವರ್ ಬ್ಯಾಂಕ್ ಚುಚ್ಚಬೇಕು. ಚುಚ್ಚಬೇಕಾದರೆ ಅದೇ ರಬ್ಬರ್ ತೆಗೆಯಬೇಕು. ಗೊತ್ತಾಯಿತಲ್ಲ? ಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ (NiMH) ಸೆಲ್ ಹಾಕಿದರೆ ಮೆನುವಿನಲ್ಲಿ ಸೆಲ್ಲಿನ ಜಾತಿ ಬದಲಿಸಿ. ಅದು 1.2 ವೋಲ್ಟ್, ಮಾಮೂಲಿ ಆಲ್ಕಲೈನ್ 1.5. ಬದಲಿಸದಿದ್ದರೆ ಅರ್ಧ ಚಾರ್ಜ್ ಇರುವಾಗಲೇ "ಬ್ಯಾಟರಿ ಮುಗಿಯಿತು" ಅಂತ ಅಳುತ್ತದೆ.

ಸ್ಟ್ರೈಕರ್ 4 ಕೇಳಿದಿರಿ. ಅದು ಬೇರೆ ಪ್ರಾಣಿ. ಅದು ಮೂಲತಃ ಮೀನು ಹುಡುಕುವ ಯಂತ್ರ, ಜೊತೆಗೆ ಜಿಪಿಎಸ್ ಇದೆ, ಆದರೆ ಮ್ಯಾಪ್ ಇಲ್ಲ. ಗುರುತು ಹಾಕಬಹುದು, ಬಂದ ದಾರಿ ಗೆರೆಯಾಗಿ ತೋರಿಸುತ್ತದೆ. 12 ವೋಲ್ಟ್ ಬೇಕು. ಅರ್ಧ ಆಂಪಿಯರ್ ಎಳೆಯುತ್ತದೆ ಅಂತ ಜಾಸ್ತಿಯೇ ಹಿಡಿದರೂ, 7 ಆಂಪಿಯರ್ ಅವರ್‌ನ ಯುಪಿಎಸ್ ಬ್ಯಾಟರಿ ಲೆಕ್ಕದಲ್ಲಿ 14 ಗಂಟೆ. ಸೀಸದ ಬ್ಯಾಟರಿಯನ್ನು ಪೂರ್ತಿ ಹಿಂಡಬಾರದು, ಏಳು ಗಂಟೆ ಇಟ್ಟುಕೊಳ್ಳಿ. ಭಾನುವಾರಕ್ಕೆ ಧಾರಾಳ. ಫ್ಯೂಸ್ ಹಾಕದೆ ವೈರ್ ಎಳೆಯಬೇಡಿ. ಮೋಟರ್ ಬ್ಯಾಟರಿಗೇ ಸಿಕ್ಕಿಸಬೇಡಿ, ಮೋಟರ್ ತಿರುಗಿದಾಗಲೆಲ್ಲ ಪರದೆಯ ಮೇಲೆ ಜೋಳ ಚೆಲ್ಲಿದಂತೆ ಚುಕ್ಕೆ ಬರುತ್ತವೆ.

ಈಗ ಸೋನಾರ್ (ನೀರಿನೊಳಗೆ ಶಬ್ದ ಕಳಿಸಿ ಕೆಳಗಿರುವುದನ್ನು ನೋಡುವುದು) ಬಗ್ಗೆ ಒಂದು ಭ್ರಮೆ ಬಿಡಿಸಬೇಕು. "ಸೋನಾರ್ ಇದ್ದರೆ ಬೊಡ್ಡೆ ಕಾಣುತ್ತದಲ್ಲ" ಅಂತ ಕೇಳುತ್ತಾರೆ. ಕಾಣುತ್ತದೆ, ಆದರೆ ಅದರ ಮೇಲೆ ಹೋದ ಮೇಲೆ. ಅದು ನೇರ ಕೆಳಗೆ ನೋಡುವುದು, ಮುಂದಕ್ಕಲ್ಲ. 15 ಡಿಗ್ರಿಯ ಕೋನ್ ಅಂದರೆ 3 ಮೀಟರ್ ಆಳದಲ್ಲಿ ಅದಕ್ಕೆ ಕಾಣುವುದು 80 ಸೆಂಟಿಮೀಟರ್ ಅಗಲ. ಒಂದು ತೋಳುದ್ದದಷ್ಟು ಜಾಗ. ಪಕ್ಕದಲ್ಲಿ ಬೊಡ್ಡೆ ಇದ್ದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಮೇಡಂ ಹೇಳಿದ ಹಳೇ ಚಿತ್ರದ ಉಪಾಯ ಇದಕ್ಕಿಂತ ಮೇಲು, ಅದೂ ಬಿಟ್ಟಿ.

ಕೆರೆಯ ಆಳದ ಗೆರೆಗಳನ್ನು ನೀವೇ ಬರೆಯಬೇಕು ಅನಿಸಿದರೆ ಬರೀ ಸ್ಟ್ರೈಕರ್ ಅಲ್ಲ, ಸ್ಟ್ರೈಕರ್ ಪ್ಲಸ್ ನೋಡಿ. ಅದರಲ್ಲಿ ಕ್ವಿಕ್‌ಡ್ರಾ ಅಂತ ಇದೆ. ಓಡಾಡಿದಷ್ಟೂ ಆಳ ಅಳೆದು ನಕ್ಷೆ ಬರೆಯುತ್ತಾ ಹೋಗುತ್ತದೆ. ಮೀನು ಹಿಡಿಯುವವರಿಗೆ ಹಬ್ಬ.

ನಂದಿ ತಪ್ಪಲು

ಸರಿ, ಫೋನ್ ವಾದ ಹಿಂದಕ್ಕೆ ತಗೊಂಡೆ. ಆದರೆ ಒಂದು ಕೇಳುತ್ತೇನೆ. ಜಿಪಿಎಸ್ ಥರದ್ದೇ ನಮ್ಮ ದೇಶದ ವ್ಯವಸ್ಥೆ ನ್ಯಾವಿಕ್ ಇರುವ ಸೆಟ್ಟೇ ನೋಡಬೇಕಲ್ವಾ? ಎರಡು ಬ್ಯಾಂಡ್ (ಎರಡು ಫ್ರೀಕ್ವೆನ್ಸಿ) ಇದ್ದರೆ ಇನ್ನೂ ಕರಾರುವಾಕ್ಕು ಅಂತಾರೆ.

ಮಲ್ಪೆಯಿಂದ ಕೋಲಾರಕ್ಕೆ

ನ್ಯಾವಿಕ್ ಬಗ್ಗೆ ಹೆಮ್ಮೆ ನನಗೂ ಉಂಟು. ಆದರೆ ಅದು ಮೊದಲು ಎಲ್5 ಮತ್ತು ಎಸ್ ಬ್ಯಾಂಡಿನಲ್ಲಿ ಮಾತ್ರ ಇತ್ತು. ಎಲ್ಲ ಸಾಮಾನ್ಯ ಸೆಟ್ಟುಗಳು ಕೇಳುವುದು ಎಲ್1. ಎಲ್1 ಸೇರಿಸಿದ ಮೊದಲ ಉಪಗ್ರಹ ಎನ್‌ವಿಎಸ್-01 ಹಾರಿದ್ದು 2023ರ ಮೇ ತಿಂಗಳಲ್ಲಿ. ಅಂಗಡಿಯಲ್ಲಿರುವ ದೋಣಿ ಸೆಟ್ಟುಗಳಲ್ಲಿ ಅದನ್ನೇ ಹುಡುಕುತ್ತಾ ಕೂತರೆ ಈ ಮಳೆಗಾಲವೂ ಹೋಗುತ್ತದೆ.

ಎರಡು ಬ್ಯಾಂಡ್ ಬೇಕಾಗುವುದು ಕಣಿವೆಯಲ್ಲಿ, ಎತ್ತರದ ಕಟ್ಟಡಗಳ ಮಧ್ಯೆ, ದಟ್ಟ ಕಾಡಿನಲ್ಲಿ. ಸಿಗ್ನಲ್ ಎಲ್ಲೋ ಬಡಿದು ಬರುತ್ತದಲ್ಲ, ಅಲ್ಲಿ. ಕೆರೆ ಮಧ್ಯೆ ಏನಕ್ಕೆ ಬಡಿಯಬೇಕು, ಕೊಕ್ಕರೆಗಾ? 2000ನೇ ಇಸವಿಯ ಮೇ ತಿಂಗಳವರೆಗೆ ಅಮೆರಿಕದವರು ಜನಸಾಮಾನ್ಯರ ಸಿಗ್ನಲ್ಲನ್ನು ಬೇಕೆಂದೇ ಕೆಡಿಸಿ ಬಿಡುತ್ತಿದ್ದರು. ಆಗ ನೂರು ಮೀಟರ್ ಆಚೀಚೆ ತೋರಿಸುತ್ತಿತ್ತು. ನಮ್ಮ ಹಿರಿಯರು ಅದರಲ್ಲೇ ಬಲೆ ಹಾಕಿ ಬಂದಿದ್ದಾರೆ.

ಬೇಕಾದರೆ ಮೆನುವಿನಲ್ಲಿ ವಾಸ್ ಅಂತ ಇರುವುದನ್ನು ಆನ್ ಮಾಡಿ. ಉಪಗ್ರಹದ ಮೂಲಕ ತಿದ್ದುಪಡಿ ಕಳಿಸುವ ವ್ಯವಸ್ಥೆ ಅದು. ನಮ್ಮದೇ ಒಂದು ಉಂಟು, ಗಗನ್. ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಮಾಡಿದ್ದು, ಅದರ ಮುಖ್ಯ ಕೇಂದ್ರ ಬೆಂಗಳೂರಿನ ಕುಂದಲಹಳ್ಳಿಯಲ್ಲೇ ಇದೆ. ವಿಮಾನ ಇಳಿಸಲಿಕ್ಕೆ ಮಾಡಿದ್ದು, ದೋಣಿಗೂ ನಡೆಯುತ್ತದೆ.

ಸರ್ವೆ ಚೈನು

ಒಂದು ಎಚ್ಚರಿಕೆ, ದಯವಿಟ್ಟು ಎಲ್ಲರೂ ಓದಿ. ಮಾಡೆಲ್ ಹೆಸರಿನ ಕೊನೆಯಲ್ಲಿ "ಐ" ಅಕ್ಷರ ಇದೆಯಾ ನೋಡಿ. 86ಐ, 67ಐ, ಮೊಂಟಾನಾ 700ಐ, ಹಾಗೇ ಇನ್‌ರೀಚ್ ಅಂತ ಹೆಸರಿರುವುದು ಯಾವುದೇ ಆಗಲಿ. ಇವು ಬರೀ ಕೇಳುವ ಸೆಟ್ಟಲ್ಲ, ಇರಿಡಿಯಂ ಉಪಗ್ರಹದ ಮೂಲಕ ಸಂದೇಶ ಕಳಿಸುತ್ತವೆ. ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ನಮ್ಮ ದೇಶದಲ್ಲಿ ಅದನ್ನು ಇಟ್ಟುಕೊಳ್ಳುವುದೇ ತಪ್ಪು. ವಿಮಾನ ನಿಲ್ದಾಣದಲ್ಲಿ ಇದಕ್ಕಾಗಿ ವಿದೇಶಿ ಪ್ರವಾಸಿಗರನ್ನು ಹಿಡಿದಿದ್ದೂ ಇದೆ. ದುಬೈನಿಂದ ಅಳಿಯ ತರುತ್ತಾನೆ ಅಂತ ಹೇಳಿ ತರಿಸಿ ಅಳಿಯನನ್ನು ಸಿಕ್ಕಿಸಬೇಡಿ. ಬರೀ ಜಿಪಿಎಸ್ ಕೇಳುವ ಸೆಟ್ಟಿಗೆ ಲೈಸೆನ್ಸ್ ಏನೂ ಬೇಡ. ದೋಣಿಯವರು ಮಾತಾಡುವ ವಿಎಚ್‌ಎಫ್ ರೇಡಿಯೋ ಬೇರೆ ವಿಷಯ, ಅದಕ್ಕೆ ಬೇಕು.

ಹುಟ್ಟುಗೋಲು

ಅಯ್ಯೋ, ಗೆಳೆಯ ನಿನ್ನೆಯಷ್ಟೇ 86ಐ ಲಿಂಕ್ ಕಳಿಸಿದ್ದ. "ಎಸ್‌ಒಎಸ್ ಗುಂಡಿ ಇದೆ ಮಗಾ" ಅಂತ. ಅವನಿಗೆ ಈ ಮಾತು ಹಾಗೇ ಕಳಿಸಿದೆ.

ಇನ್ನೊಂದು ಪ್ರಶ್ನೆ. ಇಲ್ಲೇ ಒಬ್ಬರ ಹತ್ತಿರ ಹಳೇ ಗಾರ್ಮಿನ್ 76 ಇದೆ, ಕಡಿಮೆಗೆ ಕೊಡುತ್ತಾರಂತೆ. ಆನ್ ಮಾಡಿದರೆ ತಾರೀಖು ಇಪ್ಪತ್ತು ವರ್ಷ ಹಿಂದಿನದು ತೋರಿಸುತ್ತದೆ. ಕೆಟ್ಟಿದೆಯಾ?

ಸೋಲ್ಡರ್ ಕಡ್ಡಿ

ಕೆಟ್ಟಿಲ್ಲ. ಜಿಪಿಎಸ್ ಎಣಿಸುವುದು 1024 ವಾರ ಮಾತ್ರ, ಆಮೇಲೆ ಮತ್ತೆ ಸೊನ್ನೆ. ಹಾಗೆ ತಿರುಗಿದ್ದು 1999ರ ಆಗಸ್ಟಿನಲ್ಲಿ ಒಮ್ಮೆ, 2019ರ ಏಪ್ರಿಲ್ 6ಕ್ಕೆ ಇನ್ನೊಮ್ಮೆ. ಹಳೇ ಸೆಟ್ಟಿಗೆ ಹೊಸ ಸಾಫ್ಟ್‌ವೇರ್ ಸಿಗದಿದ್ದರೆ ಅದು ಸುಮಾರು ಇಪ್ಪತ್ತು ವರ್ಷ ಹಿಂದೆಯೇ ಬದುಕುತ್ತಿರುತ್ತದೆ. ಜಾಗ ಸರಿಯಾಗಿಯೇ ತೋರಿಸುತ್ತದೆ. ವರ್ಷಗಟ್ಟಲೆ ಮಲಗಿದ್ದರೆ ಮೊದಲ ಸಲ ಬಯಲಿನಲ್ಲಿ ಕಾಲು ಗಂಟೆ ಸುಮ್ನೆ ಇಡಿ, ಉಪಗ್ರಹಗಳ ಪಟ್ಟಿ ಪೂರ್ತಿ ಇಳಿಯಲು ಹನ್ನೆರಡೂವರೆ ನಿಮಿಷ ಬೇಕು. 76 ತೇಲುತ್ತದೆ ಕೂಡ. ಆದರೆ ಹಳೇ ರಬ್ಬರ್, ಸೀಲ್ ಒಣಗಿರುತ್ತದೆ. ಕೈಗೆ ಎಟಕುವ ಬಕೆಟಿನಲ್ಲಿ ಮೊದಲು ಮುಳುಗಿಸಿ ನೋಡಿ, ಅದೂ ದುಡ್ಡು ಕೊಡುವ ಮುಂಚೆ. ಮಾರುವವರು ಒಪ್ಪದಿದ್ದರೆ ಉತ್ತರ ಸಿಕ್ಕಿತಲ್ಲ.

ಪಾಲಾರ್ ದಂಡೆ

ದಿಕ್ಸೂಚಿ ಬಗ್ಗೆ ಯಾರೂ ಹೇಳಲಿಲ್ಲ. 22ಎಕ್ಸ್‌ನಲ್ಲಿ ಎಲೆಕ್ಟ್ರಾನಿಕ್ ದಿಕ್ಸೂಚಿ ಇಲ್ಲ, 32ಎಕ್ಸ್‌ನಲ್ಲಿದೆ, 79ಎಸ್‌ನಲ್ಲೂ ಇದೆ. ಏನು ವ್ಯತ್ಯಾಸ ಅಂದರೆ, ಜಿಪಿಎಸ್‌ಗೆ ನೀವು ಚಲಿಸಿದರೆ ಮಾತ್ರ ದಿಕ್ಕು ಗೊತ್ತಾಗುತ್ತದೆ. ಮಂಜಿನಲ್ಲಿ ಏನು ಮಾಡುತ್ತೀರಿ? ಹುಟ್ಟು ಬಿಟ್ಟು ನಿಲ್ಲುತ್ತೀರಿ. ಆಗ ದೋಣಿ ಮೆಲ್ಲಗೆ ತಿರುಗುತ್ತದೆ, ಸೆಟ್ಟಿನ ಬಾಣ ಕುಡುಕನ ಹಾಗೆ ಸುತ್ತುತ್ತದೆ. ನಿಂತಾಗಲೂ ದಿಕ್ಕು ಬೇಕು ಅಂದರೆ ಒಳಗೆ ದಿಕ್ಸೂಚಿ ಇರಬೇಕು. ಅದನ್ನು ಆಗಾಗ ತಿರುಗಿಸಿ ಹೊಂದಿಸಬೇಕು, ಮೋಟರಿನ ಅಯಸ್ಕಾಂತದ ಹತ್ತಿರ ಇಡಬಾರದು. ಇಲ್ಲದಿದ್ದರೆ ಕುತ್ತಿಗೆಗೆ ಒಂದು ಸಣ್ಣ ಮಾಮೂಲಿ ದಿಕ್ಸೂಚಿ ನೇತುಹಾಕಿಕೊಳ್ಳಿ. ಅದಕ್ಕೆ ಸೆಲ್ ಬೇಡ. ನಾನು ಎರಡನ್ನೂ ಇಟ್ಟುಕೊಳ್ಳುತ್ತೇನೆ, ತಂಗಿ ನಗುತ್ತಾಳೆ.

ಮಲ್ಪೆಯಿಂದ ಕೋಲಾರಕ್ಕೆ

ಹಿನ್ನೀರಿಗೆ ಹೋಗುವವರಿಗೆ ಇನ್ನೊಂದೇ ಮಾತು. ಲಿಂಗನಮಕ್ಕಿ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಬೇಸಿಗೆಗೆ ಎಷ್ಟೋ ಇಳಿಯುತ್ತದೆ. ಸೆಟ್ಟಿನ ಮ್ಯಾಪಿನಲ್ಲಿರುವ ದಡ ಯಾವುದೋ ಒಂದು ದಿನದ ದಡ. ಮ್ಯಾಪಿನಲ್ಲಿ ನೀರು ಅಂತ ಕಂಡರೆ ನೆಲ ಇರಬಹುದು, ನಡುಗಡ್ಡೆ ಕಾಣದ ಕಡೆ ನಡುಗಡ್ಡೆ ಎದ್ದಿರಬಹುದು. ಹೊರಡುವ ಜಾಗಕ್ಕೆ ಗುರುತು ಹಾಕಿ, ಟ್ರ್ಯಾಕ್ ಆನ್ ಮಾಡಿ, ಬಂದ ಗೆರೆಯ ಮೇಲೇ ವಾಪಸ್ ಬನ್ನಿ. ಹೋಗುವಾಗ ದೋಣಿ ಎಲ್ಲಿ ತೇಲಿತೋ ಬರುವಾಗಲೂ ಅಲ್ಲಿ ತೇಲುತ್ತದೆ.

ಕೋಡಿ, ತೂಬು, ಸೈಫನ್ ಇವಕ್ಕೆಲ್ಲ ದೊಡ್ಡ ಸುತ್ತಿನ ಅಲಾರಂ ಇಡಿ. ಮಾರ್ಕೋನಹಳ್ಳಿ ಜಲಾಶಯ ನಿಮ್ಮ ಜಿಲ್ಲೆಯದೇ. ಅಲ್ಲಿನ ಸೈಫನ್ ತಾನಾಗಿಯೇ ಶುರುವಾಗುವ ಜಾತಿಯದು. ನೀರು ಒಂದು ಮಟ್ಟ ಮುಟ್ಟಿದ ಕೂಡಲೇ ಒಳಗಿನ ಗಾಳಿ ಹೊರಗೆ ಹೋಗಿ ಎಳೆತ ಹಿಡಿಯುತ್ತದೆ. ಯಾರೂ ಗೇಟ್ ಎತ್ತುವುದಿಲ್ಲ, ಸೈರನ್ ಆಗುತ್ತದೆ ಅಂತ ಕಾಯಬೇಡಿ.

ಹುಟ್ಟುಗೋಲು

(ಮೂರು ವಾರದ ಮೇಲೆ)

79ಎಸ್ ತಗೊಂಡೆ. ಕರಾವಳಿ ಚಾರ್ಟ್ ತುಂಬಿರುವ 79ಎಸ್‌ಸಿ ತೋರಿಸಿದರು, ಬೇಡ ಅಂದೆ. ಪ್ಲಾಟರ್ ಗೆಳೆಯ ಎರಡು ದಿನ ಮಾತು ಬಿಟ್ಟಿದ್ದ.

ಮೊದಲು ಮನೆಯ ನೀರಿನ ತೊಟ್ಟಿಯಲ್ಲಿ ಹಾಕಿದೆ. ಮುಖ ಮೇಲೆ ಮಾಡಿಕೊಂಡು ತೇಲಿತು. ಅಮ್ಮ ಬಂದು "ಅಷ್ಟು ದುಡ್ಡು ಕೊಟ್ಟು ತಂದು ನೀರಿಗೆ ಹಾಕಿದ್ದೀಯಲ್ಲೋ" ಅಂದರು. ಆದರೂ ಒಂದು ಹಳದಿ ದಾರ ಕಟ್ಟಿದ್ದೇನೆ. ಕಪ್ಪು ಸೆಟ್ಟು ತೇಲುತ್ತಿದ್ದರೂ ಕಪ್ಪು ನೀರಲ್ಲಿ ಕಾಣಬೇಕಲ್ಲ.

ಹಳೇ ಚಿತ್ರ ನೋಡಿ ಹನ್ನೊಂದು ಗುರುತು ಹಾಕಿದೆ. ಬಾವಿ ಒಂದು, ಮಣ್ಣಿನ ಗುಂಡಿ ಮೂರು, ತೂಬು, ಕೋಡಿ, ಉಳಿದದ್ದು ಜಾಲಿ. ಭಾನುವಾರ ಹೋದೆವು. ಕೆರೆ ಕೋಡಿ ಬಿದ್ದಿರಲಿಲ್ಲ, ಮೂರು ನಾಲ್ಕು ಅಡಿ ಕಡಿಮೆ ಇತ್ತು. ಮೂರನೇ ಗುರುತಿನ ಹತ್ತಿರ ಬೀಪ್ ಅಂತು. ಮೋಟರ್ ಆರಿಸಿ, ಗುರುತಿನ ಜಾಗಕ್ಕೇ ಹೋಗಿ ಹುಟ್ಟಿನಿಂದ ಕೆಳಗೆ ತಡವಿದೆವು. ಏನೂ ಇಲ್ಲ. "ನೋಡಿದ್ಯಾ, ಸುಳ್ಳು" ಅಂದ ಪ್ಲಾಟರ್ ಗೆಳೆಯ. ಇನ್ನು ಎರಡು ದೋಣಿಯುದ್ದ ಮುಂದೆ ಹೋದೆವು. ಹುಟ್ಟಿಗೆ "ಟಕ್" ಅಂತ ತಗುಲಿತು. ಬಗ್ಗಿ ನೋಡಿದರೆ ಪಾಚಿ ಕಟ್ಟಿದ ಬೊಡ್ಡೆ, ನೀರಿಂದ ಒಂದು ಗೇಣು ಕೆಳಗೆ. ಅದರ ತುದಿಯಲ್ಲಿ ಯಾರದೋ ಬಲೆಯ ತುಂಡು ಸಿಕ್ಕಿಕೊಂಡು ಆಡುತ್ತಿತ್ತು. ಅಲ್ಲೇ ನಿಂತು ಗುರುತನ್ನು ಸರಿಯಾದ ಜಾಗಕ್ಕೆ ಹಾಕಿದೆ. ಚಿತ್ರದಲ್ಲಿ ಹಾಕಿದ್ದಕ್ಕೂ ನಿಜಕ್ಕೂ ಎಂಟು ಮೀಟರ್ ವ್ಯತ್ಯಾಸ.

ಒಂದೇ ತಲೆನೋವು. ಅಲಾರಂ ಸುತ್ತು 50 ಮೀಟರ್ ಇಟ್ಟಿದ್ದೆ, ಒಂದು ಮುಗಿಯುವುದರಲ್ಲಿ ಇನ್ನೊಂದು ಕೂಗುತ್ತಿತ್ತು. ಜೊತೆಯವರು ಕಿವಿ ಮುಚ್ಚಿಕೊಂಡರು. ಎಷ್ಟು ಇಡಬೇಕು?

ಪಾಲಾರ್ ದಂಡೆ

ಚಿತ್ರ ನೋಡಿ ಹಾಕಿದ್ದಕ್ಕೆ 20. ಸ್ಥಳದಲ್ಲೇ ನಿಂತು ಹಾಕಿದ್ದಕ್ಕೆ 10. ಕೋಡಿಗೆ ಮಾತ್ರ 100, ಅದರಲ್ಲಿ ಜಿಪುಣತನ ಬೇಡ. ಗುರುತಿನ ಹೆಸರಿನಲ್ಲಿ ಅವತ್ತಿನ ನೀರಿನ ಮಟ್ಟವನ್ನೂ ಬರೆದಿಡಿ, ತೂಬಿನ ಕಲ್ಲಿನ ಎಷ್ಟನೇ ಮೆಟ್ಟಿಲಿಗೆ ನೀರಿತ್ತು ಅಂತ. ಮುಂದಿನ ಸಲ ಆ ಬೊಡ್ಡೆಯ ಮೇಲೆ ಹೋಗಬಹುದಾ ಬೇಡವಾ ಅಂತ ದಡದಲ್ಲೇ ಗೊತ್ತಾಗುತ್ತದೆ.

ಹುಟ್ಟುಗೋಲು

ತೂಬಿನ ಮೆಟ್ಟಿಲು! ಅದು ಹೊಳೆದೇ ಇರಲಿಲ್ಲ. ಫೋಟೋ ಇದೆ, ಎಣಿಸಿ ನೋಡಿದೆ. ಐದನೇದು.